ಗೂಗೆಗೆ ಬಿಟ್ಟ ತೊಲೆ

ಮೊನ್ನೆ ಮಗಳು ಹೊಸ ಮಂಚ ತರಿಸಿದಳು. ನನ್ನ ತವರುಮನೆಯ ಒಳಕೋಣೆಯಲ್ಲಿ ಅದು ಹಿಡಿಯಲಿಲ್ಲ. ಗೋಡೆಗೆ ಮೊಣಕಾಲು ಬಡಿದುಕೊಂಡು, "ಯವ್ವಾ, ಈ ಖೋಲಿ ಇಷ್ಟ್ ಇಕ್ಕಟ್ಟ ಯಾಕ ಕಟ್ಟಸ್ಯಾರ?" ಎಂದಳು. ಅವಳು ಹುಟ್ಟಿದ್ದೇ ಆ ಕೋಣೆಯಲ್ಲಿ, ಕೇಳುವ ಹಕ್ಕುಂಟು. ನೀವೂ ಕೇಳಿ.

ಎಪ್ಪತ್ತರ ದಶಕದ ಮಾತು. ಮಮದಾಪುರದ ಕೆರೆಯಾಚೆ ನಮ್ಮೂರಿನವರೇ ಕಾಯ್ದುಕೊಂಡ ಅಡವಿಯಿತ್ತು. ಅಡವಿಯೆಂದರೆ ಮುಗಿಲು ಮುಟ್ಟುವ ಮರಗಳೇನಲ್ಲ; ಜಾಲಿ, ಬೇವು, ಮುಳ್ಳುಕಂಟಿ. ಆದರೂ ನವಿಲು, ಚಿಗರಿ, ತೋಳ ಇದ್ದವು. ನಮಗೆ ಅದೇ ದಂಡಕಾರಣ್ಯ. ದಿನಕ್ಕೊಂದು ಮನೆಯವರು ಸರದಿಯ ಮೇಲೆ ಕಾಯಬೇಕು. ಹಸಿ ಗಿಡ ಮುಟ್ಟುವಂತಿಲ್ಲ. ಮನೆ ಕಟ್ಟುವವರು ಹಿರಿಯರನ್ನು ಕೇಳಿ ಒಣಗಿದ್ದನ್ನು ಒಯ್ಯಬಹುದು, ಗೂಡಿಗೆ ಮಾತ್ರ ಕೊಡಲಿ ತಾಗಬಾರದು.

ನನ್ನ ಚೊಚ್ಚಲ ಬಾಣಂತನ ಬಂತು. ಇದ್ದದ್ದೊಂದೇ ಪಡಸಾಲೆ, ಅದರಲ್ಲೇ ಅಪ್ಪ, ತಮ್ಮಂದಿರು, ಎರಡು ಎಮ್ಮೆ. ಮಗಳಿಗೊಂದು ಮರೆ ಬೇಕೇಬೇಕೆಂದು ಅವ್ವ ಹಟ ಹಿಡಿದಳು. ಅಡವಿಯಲ್ಲೊಂದು ಬೇವು ನಿಂತಲ್ಲೇ ಒಣಗಿತ್ತು. ಅಡವಿಯ ಹಿರಿಯ ಖಾದರಸಾಬ ಕಾಕಾ ಒಪ್ಪಿದರು. ಅಪ್ಪ ಹತ್ತಿ ನೋಡಿದರೆ ನಡುವಿನ ಪೊಟರೆಯಲ್ಲಿ ಗೂಗೆಯ ಮರಿಗಳು! ಪೊಟರೆಯ ಮೇಲಿನ ಭಾಗವನ್ನಷ್ಟೇ ಕಡಿದು ತಂದ. ತೊಲೆ ಗಿಡ್ಡಾಯಿತು, ಅದರಳತೆಗೇ ಗೋಡೆ ಎದ್ದವು.

ಅವ್ವ ಕೆಂಡವಾದಳು. "ಮಂದಿ ಗೂಗಿ ಮಾರಿ ನೋಡಿದ್ರ ಉಗುಳ್ತಾರ. ನೀವು ಬಾಣಂತಿ ಖೋಲಿ ಕೊಯ್ದು ಅದಕ್ಕ ಕೊಟ್ಟೀರಿ!"

ಕಾಕಾ ನಕ್ಕರು. "ಅಲ್ಲೂ ಬಾಣಂತನನ ನಡದೈತಿ ತಂಗೀ."

"ಹಂಗಾರ ಅದಕ್ಕ ನೀವ ಎಣ್ಣಿ ಹಚ್ಚಿ ಎರೀರಿ, ಅಣ್ಣಾ!"

ನನಗೂ ಸಿಟ್ಟು ಬಂದಿತ್ತು. ತೊಟ್ಟಿಲು ಕಟ್ಟಿದ ಮೇಲೆ ಕಾಲು ಮಡಚಿಯೇ ಮಲಗಬೇಕು. ಅಪಶಕುನದ ಹಕ್ಕಿಯ ದೆಸೆಯಿಂದ ಕೂಸಿಗೇನಾದೀತೋ ಎಂದು ಗೋಡೆಗೆ ಮುಖಮಾಡಿ ಅತ್ತೂ ಇದ್ದೇನೆ. ಕೂಸು ಗುಂಡುಕಲ್ಲಿನಂತೆ ಹುಟ್ಟಿತು.

ಕೆಲವು ವಾರಗಳಲ್ಲಿ ಕಾವಲಿನ ಸರದಿ ನಮ್ಮ ಮನೆಗೆ ಬಂತು. ಅಪ್ಪನಿಗೆ ಜ್ವರ, ಅವ್ವನೇ ಗೊಣಗುತ್ತ ಹೋದಳು. ದಾರಿಹೋಕನೊಬ್ಬ ಪೊಟರೆಗೆ ಕಲ್ಲೆತ್ತಿದ್ದನಂತೆ. ಅವ್ವ ಅವನ ಕೈಯನ್ನೇ ಹಿಡಿದಳೆಂದು ಆಮೇಲೆ ಕಾಕಾ ಊರೆಲ್ಲ ಹೇಳಿಕೊಂಡು ತಿರುಗಿದರು.

"ಕಲ್ಲ ಕೆಳಗ ಹಾಕ್ಲೇ! ಮಡಿಲಾಗ ಕೂಸಿದ್ದ ಮಗಳ ಕಾಲು ಮಡಚಿಸಿ ಉಳಿಸೀನಿ ಇವನ್ನ. ನೀ ಯಾವಾಂವ ಹೊಡ್ಯಾಕ?"

ಇಷ್ಟು ಹೇಳಿ ಮುಗಿಸಿದೆ. ನಿಜ ಹೇಳಬೇಕೆಂದರೆ, ಗೋಡೆ ಒಡೆಸೋಣವೆಂದು ನಾನೇ ಗೌಂಡಿಗೆ ಹೇಳಿಕಳಿಸಿದ್ದೆ. ಮಗಳು ತಲೆಯೆತ್ತಿ ತೊಲೆ ನೋಡಿದಳು, ಮೊಣಕಾಲು ತಿಕ್ಕಿಕೊಂಡಳು. ಆಮೇಲೆ ಬಡಿಗನಿಗೆ ಫೋನು ಹಚ್ಚಿದಳು.

"ಬರ್ರಿ. ಮಂಚ ಒಂದು ಗೇಣು ಕೊಯ್ಯೋದೈತಿ."