ಮಷಿನ್ನಿನ ತಾಳ, ಮಾಸ್ತರರ ಪೇಟಿ

ಮೊನ್ನೆ ಬೀದರಿನ ಮೈಲೂರಿನ ಮನೆಯಲ್ಲಿ ಅಲ್ಮಾರಿ ಝಾಡಿಸುವಾಗ ಹಳೆಯ ಸಿ.ಡಿ.ಯೊಂದು ಕೈಗೆ ಸಿಕ್ಕಿತು. ಅರ್ಜೆಂಟೀನಾದ ಟ್ಯಾಂಗೋ ಸಂಗೀತಕ್ಕೆ ಕಂಪ್ಯೂಟರಿನ ತಾಳ ಬೆರೆಸಿದ ಆಲ್ಬಮ್ಮು. ಹೈದರಾಬಾದಿನ ಫುಟ್‌ಪಾತಿನಲ್ಲಿ, ಮೇಲಿನ ಚಿತ್ರ ಚೆಂದವಿದೆಯೆಂದು ಕೊಂಡಿದ್ದೆ. ಹಾಕಿ ಕೇಳುವ ಧೈರ್ಯ ಬರಲಿಲ್ಲ. ಪೇಟಿ ಮಾಸ್ತರರು ನೆನಪಾದರು...

ಭಾಲ್ಕಿಯಲ್ಲಿ ನನಗೆ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸಿದವರು ಅವರು. ಸುತ್ತಲ ಹಳ್ಳಿಗಳ ಭಜನೆಯ ಪೇಟಿಗಳೆಲ್ಲ ರಿಪೇರಿಗೆ ಅವರ ಮನೆಗೇ ಬರುತ್ತಿದ್ದವು. ಬರ ಬಿದ್ದ ಆ ವರ್ಷಗಳಲ್ಲಿ ಔರಾದ್, ಭಾಲ್ಕಿ ಕಡೆಯ ಜನ ಹೈದರಾಬಾದು, ಪುಣೆ ಅಂತ ದುಡಿಯಲು ಹೋದರು. ಪೇಟಿಗಳನ್ನು ಒಯ್ಯಲು ಯಾರೂ ಬರಲಿಲ್ಲ.

ನಾನು ಈ ಆಲ್ಬಮ್ಮನ್ನು ಅವರ ಮನೆಗೆ ಒಯ್ದು ಹಾಕಿದ ದಿನ ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಅದರಲ್ಲಿ ತಿದಿ ಒತ್ತಿ ನುಡಿಸುವ ಪರದೇಶದ ವಾದ್ಯವೊಂದಿತ್ತು.

"ತಮ್ಮಾ, ಇದು ನಮ್ಮ ಪೇಟೀನೇ ಅದ! ಹ್ಯಾಂಗ ಅಳ್ತದ ನೋಡು," ಎಂದರು. ಆಮೇಲೆ, "ತಬಲಾ ಯಾರು ಬಾರಸ್ಲಿಕತ್ತಾರ?"

"ಯಾರೂ ಇಲ್ರಿ ಮಾಸ್ತರ್. ಮಷಿನ್ ಅದರಿ."

ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮೆಹಕರದ ಆಚೆಗಿನ ಅವರ ಹಳ್ಳಿಯ ಗುಡಿಯಲ್ಲಿ ಸಪ್ತಾಹ ಹತ್ತಿರ ಬಂದಿತ್ತು. ಏಳು ಹಗಲು, ಏಳು ರಾತ್ರಿ ಪಾಳಿಯ ಮೇಲೆ ಹಾಡಬೇಕು, ಭಜನೆ ನಿಲ್ಲಬಾರದು. ಮಾಸ್ತರರ ಅಪ್ಪನ ಕಾಲದಿಂದ ಅದು ಒಮ್ಮೆಯೂ ಕಡಿದಿರಲಿಲ್ಲ. ಈ ಸಲ ತಬಲಾದವನು ಪುಣೆಯಲ್ಲಿ ಇಟ್ಟಂಗಿ ಹೊರುತ್ತಿದ್ದ. ಹಾಡಲು ಉಳಿದವರು ಒಂದಿಷ್ಟು ವಯಸ್ಸಾದ ಹೆಂಗಸರು. ಆಲ್ಬಮ್ಮಿನಲ್ಲಿ ಬರೀ ತಾಳವಿದ್ದ ತುಣುಕನ್ನು ಬೀದರಿನ ಕಂಪ್ಯೂಟರ್ ಸೆಂಟರಿನಲ್ಲಿ ಉದ್ದ ಮಾಡಿಸಿ, ಬೇರೆ ಸಿ.ಡಿ.ಗೆ ಹಾಕಿಸಿ ಕೊಟ್ಟವನು ನಾನು. ದೊಡ್ಡ ಶಾಣ್ಯಾ!

ನಾಲ್ಕು ದಿನ ಸುಸೂತ್ರ ನಡೆಯಿತು. ಐದನೆಯ ದಿನ ಬೆಳಿಗ್ಗೆ ಕರೆಂಟು ಹೋಯಿತು, ಸಿ.ಡಿ. ಪ್ಲೇಯರಿಗೆ ಸೆಲ್ಲು ಹಾಕಿದೆವು. ಮಧ್ಯಾಹ್ನ ಸೆಲ್ಲೂ ಮುಗಿದು ತಾಳ ತಟ್ಟನೆ ನಿಂತಿತು.

ಮಾಸ್ತರರು ನುಡಿಸುತ್ತಲೇ ಹೋಗಬೇಕಿತ್ತು. ಜೀವಮಾನವೆಲ್ಲ ತಾಳ ತಪ್ಪದ ಆ ಕೈಗಳು ಮಷಿನ್ನಿಗೆ ಕಾಯುತ್ತ ನಿಂತುಬಿಟ್ಟವು. ಅವರ ಮುಖ ನೋಡಿ ಹೆಂಗಸರೂ ಸುಮ್ಮನಾದರು. ಗುಡಿಯೊಳಗೆ ಸದ್ದೇ ಇಲ್ಲ...

"ಯಾಕ ನಿಂತ್ರಿ ಮಾಸ್ತರ್?" ಮುದುಕಿಯೊಬ್ಬಳು ಗಾಬರಿಯಾಗಿ ಕೇಳಿದಳು. "ಅಯ್ಯ, ಭಜನಿ ಕಡೀತಲ್ರಿ!"

"ಕಡೀತವ್ವಾ," ಎಂದರು. "ನನ್ನ ಕೈಲಿಂದನೇ ಕಡೀತು."

ಆಮೇಲೆ ಅವರು ಪೇಟಿ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಮಗಳ ಹಿಂದೆ ಪುಣೆಗೆ ಹೋದರಂತೆ. ಅಲ್ಲೇ ತೀರಿಕೊಂಡರಂತೆ... ಯಾವಾಗ ಎಂದು ಹೇಳುವವರೂ ಸಿಗಲಿಲ್ಲ. ಮಳೆ ಬಂದ ಮೇಲೆ ಅರ್ಧ ಊರು ಮರಳಿತು, ಸಪ್ತಾಹ ಮಾತ್ರ ಮತ್ತೆ ಕೂಡಲಿಲ್ಲ.

ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಅವತ್ತು ನಾನು ಮಾಸ್ತರರ ಮಗ್ಗುಲಲ್ಲೇ ಕೂತಿದ್ದೆ. ತಾಳ ನನಗೆ ಬರುತ್ತಿತ್ತು, ಅವರೇ ಕಲಿಸಿದ್ದರು. ಚಪ್ಪಾಳೆ ತಟ್ಟಿದ್ದರೆ ಸಾಕಿತ್ತು. ನಾನು ಸತ್ತ ಸೆಲ್ಲುಗಳನ್ನು ತೆಗೆದು, ತಿಕ್ಕಿ, ಮತ್ತೆ ಅವನ್ನೇ ಹಾಕುತ್ತ ಕೂತಿದ್ದೆ.