‘ಅಡ್ಡಗಾಲು’ ನಿಲ್ಲಲು ಬಿಡದ ಅಚ್ಚಕ್ಕ

ಹಾಲಿನಂಗಡಿ ಬಾಗಿಲು ತೆರೆಯುವ ಮೊದಲೇ ಅಚ್ಚಕ್ಕನ ಮುದ್ರಣ ಯಂತ್ರ ಗಡಗಡ ಶುರುವಾಗಿರುತ್ತದೆ. ಕಾಲು ಪೆಡಲ್ ತುಳಿಯುತ್ತದೆ, ಬಲಗೈ ಹಾಳೆ ಇಡುತ್ತದೆ, ಎಡಗೈ ತೆಗೆಯುತ್ತದೆ. ಬಿಡುವಾಗಿರುವುದು ಬಾಯಿ ಮಾತ್ರ. “ದೂರ ನಿಂತು ಮಾತಾಡಿ, ಬಿಳಿ ಅಂಗಿ ಬೇರೆ. ಶಾಯಿಗೆ ದೊಡ್ಡೋರು ಚಿಕ್ಕೋರು ಅಂತಿಲ್ಲ.”

ಅಚ್ಚಾಗುತ್ತಿರುವುದು ‘ಅಡ್ಡಗಾಲು’. ದೊಡ್ಡ ಪತ್ರಿಕೆಗಳು ಮುಟ್ಟದ ಸುದ್ದಿಯನ್ನೇ ಹುಡುಕಿ ಬರೆಯುವ ನಾಲ್ಕು ಪುಟದ ವಾರಪತ್ರಿಕೆ. ಉದ್ದಗೂದಲು ಬಿಟ್ಟು, ನೌಕರಿಗೆ ಹೋಗೆವೆಂದು ಹಟ ಹಿಡಿದ ಕಾಲೇಜು ಗೆಳೆಯರ ಕೂಸು ಇದು. ಅಚ್ಚು ಹಾಕಲು ಯಾರೂ ಒಪ್ಪದಿದ್ದಾಗ ಸಂಪಾದಕ ಕೊನೆಗೆ ಬಂದದ್ದು ಇಲ್ಲಿಗೆ. ಗಂಡನನ್ನು ಕಳೆದುಕೊಂಡಿದ್ದ ಅಚ್ಚಕ್ಕ ಆಗ ಲಗ್ನಪತ್ರಿಕೆ ಅಚ್ಚು ಹಾಕಿ ಅತ್ತೆಯನ್ನೂ ಪುಟ್ಟ ಮಗಳನ್ನೂ ಸಾಕುತ್ತಿದ್ದರು.

“ನೋಡಿದ್ರೆ ‘ಮದುವೆ ಯಾಕೆ ಬೇಕು?’ ಅಂತ ಲೇಖನ! ನನ್ನ ಅನ್ನಕ್ಕೇ ಕಲ್ಲು ಹಾಕೋಕೆ ಬಂದ್ಯೇನಪ್ಪಾ ಅಂದೆ. ಓದ್ತಾ ಓದ್ತಾ ನಗು ತಡೆಯೋಕಾಗ್ಲಿಲ್ಲ. ಅಚ್ಚಿನ ಅಕ್ಷರದ ಮೊಳೆ ಜೋಡಿಸೇಬಿಟ್ಟೆ.”

ಎರಡನೇ ವರ್ಷ ನಗುವ ಹಾಗಿರಲಿಲ್ಲ. ಮಕ್ಕಳ ಆಟದ ಮೈದಾನವನ್ನು ನಗರಸಭೆ ಅಧ್ಯಕ್ಷರು ಭಾವಮೈದುನನಿಗೆ ಬರೆದುಕೊಡಲು ಹೊರಟ ಸುದ್ದಿ ಅಚ್ಚಾದ ಬೆಳಿಗ್ಗೆ ಪೊಲೀಸರು ಬಂದು ಪ್ರತಿಗಳನ್ನೆಲ್ಲ ಹೊತ್ತೊಯ್ದರು. ಸಂಪಾದಕ ಗೋಡೆಗೊರಗಿ ಕುಸಿದ. “ಗಿರಾಕಿಗಳು ಹೋಗ್ತಾರೆ, ಸುಮ್ನಿರಮ್ಮ” ಎಂದರು ಅತ್ತೆ.

ಅಚ್ಚಕ್ಕನ ಕಣ್ಣು ಯಂತ್ರದ ಮೇಲೆ ಬಿತ್ತು. “ಕಾಗದ ಒಯ್ದಿದ್ರು, ಜೋಡಿಸಿದ ಮೊಳೆ ಹಾಗೇ ಇತ್ತು! ಅಕ್ಷರ ಉಲ್ಟಾ ಇರುತ್ತಲ್ಲ, ಪಾಪ, ಅವ್ರಿಗೆ ಏನಂತಾನೇ ಗೊತ್ತಾಗಿಲ್ಲ.”

ಲಗ್ನಪತ್ರಿಕೆಗೆಂದು ತಂದಿದ್ದ ಗುಲಾಬಿ ಕಾಗದ ಎಳೆದು ಮತ್ತೆ ಪೆಡಲ್ ತುಳಿದರು. ಮಧ್ಯಾಹ್ನದೊಳಗೆ ಊರ ತುಂಬ ಗುಲಾಬಿ ‘ಅಡ್ಡಗಾಲು’. ಬೇಡವೆಂದಿದ್ದ ಅತ್ತೆಯೇ ತರಕಾರಿ ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಹಂಚಿ ಬಂದರು. ಜನ ಬೀದಿಗಿಳಿದರು, ಮೈದಾನ ಮಕ್ಕಳಿಗೇ ಉಳಿಯಿತು. ಅದಾದ ಮೇಲೆ ಬಹಳ ದಿನ ಲಗ್ನಪತ್ರಿಕೆಯ ಗಿರಾಕಿಗಳು ಇತ್ತ ತಲೆಹಾಕಲಿಲ್ಲ. ಅರೆಹೊಟ್ಟೆಯ ದಿನಗಳವು. ಕೊನೆಗೆ ಮೊದಲು ಬಂದವನು ಯಾರು? ಸಂಪಾದಕನೇ, ತನ್ನ ಮದುವೆಯ ಕರೆಯೋಲೆ ಹಿಡಿದು. “ತಲೆ ತಗ್ಗಿಸಿ ನಿಂತಿದ್ದ. ನಗ್ತಾನೇ ಅಚ್ಚು ಹಾಕಿಕೊಟ್ಟೆ.”

ಹಳೆಯ ಗೆಳೆಯರೆಲ್ಲ ಕೂದಲು ಕತ್ತರಿಸಿ, ನೌಕರಿ ಹಿಡಿದು ಚದುರಿದ್ದಾರೆ. ಈಗ ಸಂಪಾದಕಿ ಅಚ್ಚಕ್ಕನ ಮಗಳು. ಕಂಪ್ಯೂಟರಿನಲ್ಲೇ ಮುಗಿಸೋಣವೆಂದು ಅವರು, ಕಾಲಿರುವ ತನಕ ತುಳಿಯುತ್ತೇನೆಂದು ತಾಯಿ.

ಇನ್ನೇನಾದರೂ ಆಸೆಯಿದೆಯೇ?

“ಒಂದು ಸಂಚಿಕೆನಾದ್ರೂ ಒಂದೇ ಒಂದು ಅಕ್ಷರತಪ್ಪಿಲ್ಲದೆ ಬರ್ಬೇಕಪ್ಪ. ಅವತ್ತೇ ಯಂತ್ರ ನಿಲ್ಸಿ ಮನೇಲಿ ಕೂರ್ತೀನಿ.”

ಹೊಸ ಹಾಳೆಯನ್ನು ಬೆಳಕಿಗೆ ಹಿಡಿದಿದ್ದ ಮಗಳು ಕಿಸಕ್ಕನೆ ನಗುತ್ತಾರೆ. “ಅದಕ್ಕೇ ನೋಡಿ, ಅಮ್ಮ ವಾರಕ್ಕೊಂದು ತಪ್ಪು ಬಿಟ್ಟೇ ಬಿಡ್ತಾಳೆ.”