ಜಂಪಣ್ಣ ಬರೆದುಕೊಂಡ ಮುಖ

ದುರ್ಗದ ಕೋಟೆಯ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಕೆಳಗಿನ ಓಣಿಯ ಪಡಸಾಲೆಯಲ್ಲಿ ಜಂಪಣ್ಣ ಕಂಬಕ್ಕೆ ಕಟ್ಟಿದ ಕನ್ನಡಿಯ ಮುಂದೆ ಕೂತು ತನ್ನ ಎಡಗಣ್ಣನ್ನೇ ದಿಟ್ಟಿಸುತ್ತಿದ್ದಾನೆ. ಕನ್ನಡಿ ಅಂಗೈಯಗಲದ್ದು; ಮುಖ ಒಟ್ಟಿಗೆ ಕಾಣುವುದಿಲ್ಲ. ಸೋಮವಾರ ಮೂಗು, ಮಂಗಳವಾರ ಮೀಸೆ ಮುಗಿಸಿ ಇವತ್ತು ಕಣ್ಣಿಗೆ ಬಂದಿದ್ದಾನೆ.

ಪೆಟ್ಟಿಗೆ ಮುಚ್ಚಳ, ತೊಟ್ಟಿಲು, ಬಾಗಿಲುಗಳ ಮೇಲೆ ಗಿಳಿ, ಆನೆ ಬರೆಯುವುದು ಅವನ ಇಪ್ಪತ್ತೆರಡು ವರ್ಷದ ಕಸುಬು. ದಿನಕ್ಕೆ ಎರಡು ಮುಚ್ಚಳ, ಹಬ್ಬ ಬಂದರೆ ನಾಲ್ಕು. ಮನುಷ್ಯರ ಮುಖಕ್ಕೆ ಕೈ ಹಾಕಿದವನಲ್ಲ. "ಗಿಳಿ ಬಂದು ನನ್ನಂಗಿಲ್ಲ ಅಂತ ತಕರಾರು ಮಾಡಲ್ಲ ನೋಡ್ರಿ" ಎನ್ನುತ್ತಾನೆ.

ಈಗ ಜವಳಿ ವ್ಯಾಪಾರಿ ಶಿವಕುಮಾರಪ್ಪನವರಿಗೆ ಅಂಗಡಿಯಲ್ಲಿ ತೂಗುಹಾಕಲು ತಮ್ಮದೊಂದು ಪಟ ಬೇಕಾಗಿದೆ. ಹೊಳಲ್ಕೆರೆಗೆ ರೈಲು ಬಂದು ಎಷ್ಟೋ ವರ್ಷವಾದರೂ ಫೋಟೋದವರು ದುರ್ಗದ ಕಡೆ ತಲೆಹಾಕುವುದು ಅಪರೂಪ. "ಮೊದ್ಲು ಯಾರದಾದ್ರೂ ಮುಖ ಬರ್ದು ತೋರ್ಸಪ್ಪ, ಆಮೇಲೆ ನಾನು ಕುಂತ್ಕಂತೀನಿ" ಎಂದಿದ್ದಾರೆ. ಪಟ ಬರೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂದು ಓಣಿಯಲ್ಲಿ ಯಾರೂ ಕೂರಲೊಲ್ಲರು. ಉಳಿದವನು ತಾನೊಬ್ಬನೇ.

ಶನಿವಾರ ತುಂಡುಗಳೆಲ್ಲ ಸೇರಿ ಮುಖವಾಗುತ್ತದೆ. ನೋಡಿದ ಜಂಪಣ್ಣನೇ ಬೆಚ್ಚುತ್ತಾನೆ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ. ಯಾರನ್ನೋ ಹೊಡೆಯಲು ಹೊರಟವನ ಹಾಗಿದೆ. ಹೆಂಡತಿ ಶಿವಗಂಗಮ್ಮನನ್ನು ಕರೆಯುತ್ತಾನೆ.

"ಎಲ್ಲೋ ತಪ್ಪೈತೆ. ನಾನು ಇಷ್ಟು ಸಿಡುಕನಾ?"

"ತಪ್ಪೇನಿಲ್ಲ. ಕುಂಚ ಹಿಡಿದ್ರೆ ನಿಮ್ದು ಇದೇ ಮುಖ. ಇಷ್ಟು ವರ್ಷ ನಾನು ನೋಡೀನಲ್ಲ."

ತುಟಿಯನ್ನು ಚೂರು ಮೇಲಕ್ಕೆತ್ತೋಣವೆಂದು ಅವನು ಕುಂಚ ತೆಗೆದುಕೊಂಡರೆ ಅವಳು ಬಣ್ಣದ ಬಟ್ಟಲನ್ನೇ ಒಳಗೆ ಒಯ್ಯುತ್ತಾಳೆ. "ಇದ್ದಂಗೆ ಇರ್ಲಿ ಬಿಡ್ರಿ."

ಸಂಜೆ ಶಿವಕುಮಾರಪ್ಪ ಬರುತ್ತಾರೆ. ಬಾಗಿಲ ಬಳಿ ಆರಲಿಟ್ಟ ಪಟವನ್ನು ಹತ್ತಿರ ಹೋಗಿ, ದೂರ ನಿಂತು ನೋಡುತ್ತಾರೆ. ಹೋಲುತ್ತದೋ ಇಲ್ಲವೋ, ತೀರ್ಮಾನವಾಗದೆ ಒಳಗೆ ಬಂದು ಮಜ್ಜಿಗೆ ಕುಡಿಯುತ್ತ ಕೂರುತ್ತಾರೆ. ಅಷ್ಟರಲ್ಲಿ ಮಗಳ ಪೆಟ್ಟಿಗೆಯ ಮುಚ್ಚಳ ಕೇಳಲು ಹಿರೇಗುಂಟನೂರಿನ ಕುರಿಗಾರ ಹಾಲಸ್ವಾಮಿ ಹೊಸ್ತಿಲಿಗೆ ಬರುತ್ತಾನೆ. ಮಬ್ಬು ಬೆಳಕಿನಲ್ಲಿ ಆ ಮುಖ ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

"ಸಿಟ್ಟಾಗಬ್ಯಾಡ್ರಿ ಜಂಪಣ್ಣಾರೆ. ಮುಚ್ಚಳಕ್ಕೆ ಅವಸರ ಇಲ್ಲ. ಮುಂದಿನ ವಾರ ಬರ್ತೀನಿ."

ಪಟಕ್ಕೆ ಇಷ್ಟು ಹೇಳಿ ತಿರುಗಿಯೂ ನೋಡದೆ ಹೊರಟುಹೋಗುತ್ತಾನೆ. ಒಳಗೆ ಜಂಪಣ್ಣ ಬಾಯಿ ತೆರೆದು ಕೂತಿದ್ದಾನೆ. ಶಿವಕುಮಾರಪ್ಪ ಮಜ್ಜಿಗೆ ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು, ಮಣೆಯ ಮೇಲೆ ನೆಟ್ಟಗೆ ಕೂರುತ್ತಾರೆ.

"ಶುರು ಮಾಡಪ್ಪ. ನಂದು ಮಾತ್ರ ನಗ್ತಾ ಇರ್ಲಿ."

ತಮ್ಮ ಪಟವಾದ ಮೇಲೆ ಏನು ಬರೆಯುವ ಮನಸ್ಸು ಎಂದು ಶಿವಕುಮಾರಪ್ಪ ಕೇಳಿದರೆ ಜಂಪಣ್ಣ ನಾಚಿಕೊಂಡು ಅಡುಗೆಮನೆಯ ಕಡೆ ನೋಡುತ್ತಾನೆ. "ಇವಳ ಮುಖ ಬರೀಬೇಕು. ನಗೋವಾಗ."

ಶಿವಗಂಗಮ್ಮ ಒಲೆಯ ಮುಂದಿನಿಂದ ಏಳುವುದಿಲ್ಲ. "ಬರೀರಿ. ಆದ್ರೆ ನೀವು ಆ ಮುಖ ಇಟ್ಕಂಡು ಎದುರಿಗೆ ಕುಂತ್ರೆ ನಂಗೆ ನಗು ಎಲ್ಲಿಂದ ಬರಬೇಕು?"